ಬೂದಿಗೆ ಯಾವ ಜಾತಿ?

ಕಥೋಲಿಕರ ತಪಸ್ಸುಕಾಲ ಶುರುವಾಗೋದು ಬೂದಿಯಿಂದ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟು, ಆ ಬೂದಿಯನ್ನು ಎಲ್ಲರ ಹಣೆಗೂ ಹಚ್ಚುತ್ತಾರೆ. ಜಮೀನ್ದಾರನ ಹಣೆಗೂ ಅದೇ, ಅವನ ಗದ್ದೆಯ ಕೂಲಿಯಾಳಿನ ಹಣೆಗೂ ಅದೇ. ಇಬ್ಬರೂ ಮಣ್ಣು, ಇಬ್ಬರೂ ಮಣ್ಣಿಗೇ ಹೋಗುವವರು ಅಂತ ಗುರುಗಳು ನೆನಪು ಮಾಡುತ್ತಾರೆ. ಇದಕ್ಕಿಂತ ದೊಡ್ಡ ಸಮಾನತೆಯ ಮಾತು ಇನ್ನೇನು ಬೇಕು?

ಆದರೆ ಗೆಳೆಯರೇ, ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕಥೆ ಕೇಳಿ. ಅಲ್ಲಿನ ಕಥೋಲಿಕರ ಸ್ಮಶಾನದ ನಡುವೆ ಗೋಡೆ ಎಬ್ಬಿಸಿದ್ದರು. ಒಂದು ಕಡೆ ದಲಿತರ ಹೆಣ, ಇನ್ನೊಂದು ಕಡೆ ಉಳಿದವರ ಹೆಣ. ಹಣೆಯ ಮೇಲೆ ಒಂದಾಗಿದ್ದ ಮಣ್ಣು ಸತ್ತ ಮೇಲೆ ಎರಡಾಯಿತು. ಹಾಗಾದರೆ ಬೂದಿ ಹೇಳಿದ್ದು ಸುಳ್ಳೇ? ಅಥವಾ ಹಚ್ಚಿಸಿಕೊಂಡವರು ಮನೆಗೆ ಹೋಗಿ ಮುಖ ತೊಳೆದುಬಿಟ್ಟರೇ?

ಈ 40 ದಿನ ಏನನ್ನಾದರೂ ಬಿಡಬೇಕು ಅನ್ನೋದು ರೂಢಿ. ಶುಕ್ರವಾರ ಮಾಂಸ ಬಿಡುತ್ತಾರೆ. ಕೆಲವರು ಕುಡಿತ, ಬೀಡಿ ಬಿಡುತ್ತಾರೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, 18 ತುಂಬಿದವರು ಒಂದೇ ಹೊತ್ತು ಹೊಟ್ಟೆ ತುಂಬ ಉಣ್ಣಬೇಕೆಂಬುದು ಕಟ್ಟಳೆ. ನಮ್ಮ ಕೇರಿಗಳಲ್ಲಿ ವರ್ಷವಿಡೀ ಒಂದೇ ಹೊತ್ತು ಉಂಡವರನ್ನು ಯಾರೂ ತಪಸ್ವಿ ಅಂತ ಕರೆಯಲಿಲ್ಲ. ಬಿಡೋದಕ್ಕೆ ಮೊದಲು ಇರಬೇಕಲ್ಲ! ಇದ್ದವನು ಉಣ್ಣದಿದ್ದರೆ ಉಪವಾಸ. ಇಲ್ಲದವನು ಉಣ್ಣದಿದ್ದರೆ ಬರೀ ಹಸಿವು.

ಹಾಗಂತ ಉಪವಾಸವನ್ನು ಉಳ್ಳವರ ಆಟ ಎಂದು ತಳ್ಳಿಹಾಕೋದು ಸುಲಭ. ಎರೈಯೂರಿನ ದಲಿತ ಕಥೋಲಿಕರು ಹಾಗೆ ಮಾಡಲಿಲ್ಲ. ಅದು 2008ರ ಮಾರ್ಚ್, ತಪಸ್ಸುಕಾಲದ ದಿನಗಳೇ. ಆಗ ವಿಲ್ಲುಪುರಂ ಜಿಲ್ಲೆಯಲ್ಲಿದ್ದ ಆ ಊರಲ್ಲಿ, ವನ್ನಿಯಾರ್ ಕಥೋಲಿಕರ ದರ್ಪಕ್ಕೆ ಬೇಸತ್ತು, ತಮ್ಮ ಕೇರಿಯ ಚರ್ಚನ್ನೇ ಬೇರೆ ಧರ್ಮಕೇಂದ್ರ ಮಾಡಿಕೊಡಿ ಅಂತ ಅವರು ಉಪವಾಸ ಕೂತರು. ಹಸಿವನ್ನು ಹುಟ್ಟಿನಿಂದ ಹೊತ್ತವರು ಆ ಹಸಿವನ್ನೇ ಪ್ರಶ್ನೆ ಮಾಡಿ ನಿಲ್ಲಿಸಿದರು. ಮಾರ್ಚ್ 9ರಂದು ಅವರ ಮನೆಗಳ ಮೇಲೆ ದಾಳಿಯಾಯಿತು. ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಸತ್ತವರು ವನ್ನಿಯಾರರು. ಅವರೂ ಅದೇ ಶಿಲುಬೆಯ ಕೆಳಗೆ ಮೊಣಕಾಲೂರಿದ ಜನವೇ. ಜಾತಿ ತನ್ನನ್ನು ಕಾಯುವವರನ್ನೂ ತಿನ್ನುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಪಾಪನಿವೇದನೆಗೆ ಮೂರು ಮೆಟ್ಟಿಲು: ಮನಸ್ಸಿನಲ್ಲಿ ಮರುಗೋದು, ಬಾಯಿಬಿಟ್ಟು ಹೇಳೋದು, ಆದ ಕೇಡನ್ನು ಸರಿಮಾಡೋದು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ದಲಿತರ ಬಗ್ಗೆ ಧೋರಣೆಯ ದಾಖಲೆ ಹೊರಡಿಸಿ, ಚರ್ಚಿನೊಳಗೂ ಅಸ್ಪೃಶ್ಯತೆ ಇದೆಯೆಂದು ಒಪ್ಪಿಕೊಂಡಿತು. ಬಾಯಿಬಿಟ್ಟದ್ದು ದೊಡ್ಡದೇ. ಆದರೆ ಮೂರನೆಯ ಮೆಟ್ಟಿಲು? ಕದ್ದ ಕೋಳಿಯನ್ನು ಕೊಟ್ಟಿಗೆಯಲ್ಲೇ ಇಟ್ಟುಕೊಂಡು ಕ್ಷಮೆ ಕೇಳಿದರೆ ಪಾಪ ಹೋದೀತೆ?

ಮಾಂಸ ಬಿಡಬೇಡಿ ಅಂತ ನಾನು ಹೇಳೋಲ್ಲ. ಅದು ಅವರವರ ನಂಬಿಕೆ. ಆದರೆ ತಟ್ಟೆಯಲ್ಲಿರೋ ತುಂಡನ್ನು ಬಿಡೋದು ಹಗುರ, ತಲೆಯಲ್ಲಿರೋ ಜಾತಿಯನ್ನು ಬಿಡೋದು ಭಾರ. ಉಪವಾಸ ಅಂದರೆ ಭಾರವಾದದ್ದನ್ನೇ ಬಿಡೋದಲ್ಲವೇ? 40 ದಿನ ಬಿಟ್ಟು ನೋಡಿ: ಮದುವೆ ಮಾತಲ್ಲಿ, ಊಟದ ಪಂಕ್ತಿಯಲ್ಲಿ, ಹೂಳುವ ಮಣ್ಣಲ್ಲಿ. 41ನೆಯ ದಿನ ಅದನ್ನು ಮತ್ತೆ ಹೊರೋದಕ್ಕೆ ನಾಚಿಕೆಯಾದರೆ, ಅದೇ ಪುನರುತ್ಥಾನ.