ಎಬೆದ್ಮೆಲೆಕನೆಂಬ ಹೆಸರು
(ಯೆರೆಮೀಯ 38:1-13, 39:15-18)



ಸತ್ಯವೇದದಲ್ಲಿ ಒಂದೆರಡು ಕಡೆ ಮಾತ್ರ ಕಾಣಿಸಿಕೊಂಡು ಮರೆಯಾಗುವ ಜನರು ಅನೇಕರಿದ್ದಾರೆ. ಕೂಷ್ ದೇಶದ ಎಬೆದ್ಮೆಲೆಕನು ಅಂಥವರಲ್ಲಿ ಒಬ್ಬನು. ಓದುವಾಗ ನಾಲಿಗೆ ತೊಡರುವ ಹೆಸರಾದದರಿಂದ ನಮ್ಮಲ್ಲಿ ಹಲವರು ಅದನ್ನು ಬೇಗನೆ ದಾಟಿಹೋಗುತ್ತಾರೆ. ಆದರೂ ಈ ಹೆಸರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವದು ಒಳ್ಳೇದು.

ಇದು ಇಬ್ರಿಯ ಭಾಷೆಯ ಎರಡು ಮಾತುಗಳಿಂದಾದ ಹೆಸರು. ಎಬೆದ್ ಅಂದರೆ ಆಳು, ದಾಸನು. ಮೆಲೆಕ್ ಅಂದರೆ ಅರಸನು. ಈ ಮಾತುಗಳು ನಮಗೆ ತೀರಾ ಹೊರಗಿನವುಗಳಲ್ಲ. ನಮ್ಮ ನೆರೆಯ ಮುಸಲ್ಮಾನರಲ್ಲಿ ಕೇಳುವ ಅಬ್ದುಲ್ಲ ಎಂಬ ಹೆಸರಿನ ಮೊದಲ ಭಾಗವು ಎಬೆದ್ ಎಂಬುವದಕ್ಕೆ ಅರಬಿಯಲ್ಲಿರುವ ಸೋದರ ಶಬ್ದವು. ಹೊಲದ ಒಡೆಯನನ್ನು ನಾವು ಮಾಲೀಕನೆಂದು ಕರೆಯುತ್ತೇವಲ್ಲಾ, ಅದೂ ಅರಬಿಯಿಂದ ಬಂದ ಮಾತೇ. ಮೆಲೆಕ್ ಎಂಬುವದರ ಧಾತುವಿಗೇ ಸೇರಿದ್ದು. ಹೀಗಿರಲಾಗಿ ಎಬೆದ್ಮೆಲೆಕನೆಂದರೆ ಅರಸನ ಆಳು.

ಇದು ಹೆಸರೋ, ಬರೀ ಪದವಿಯೋ ಎಂದು ಪಂಡಿತರು ವಿಚಾರಿಸಿದ್ದಾರೆ. ಯಾಕಂದರೆ ಯೆಹೂದದಲ್ಲಿ ದೊಡ್ಡ ಅಧಿಕಾರಿಗಳು ತಮ್ಮನ್ನು ಅರಸನ ಸೇವಕರೆಂದು ಹೇಳಿಕೊಳ್ಳುತ್ತಿದ್ದರು. 1932ರಲ್ಲಿ ಯೆರೂಸಲೇಮಿನ ಉತ್ತರಕ್ಕಿರುವ ತೆಲ್ ಎನ್-ನಸ್ಬೆ ಎಂಬ ದಿಬ್ಬವನ್ನು ಅಗೆಯುವಾಗ ಹುಂಜದ ಚಿತ್ರವುಳ್ಳ ಒಂದು ಮುದ್ರೆಯು ಸಿಕ್ಕಿತು. ಅದು ಅರಸನ ಸೇವಕನಾದ ಯಾಜನ್ಯನದೆಂದು ಅದರಲ್ಲಿ ಕೆತ್ತಿದೆ. ಆದರೆ ಆ ಯಾಜನ್ಯನಿಗೆ ಪದವಿಯ ಸಂಗಡ ಸ್ವಂತ ಹೆಸರೂ ಇತ್ತು. ನಮ್ಮ ಕೂಷ್ಯನಿಗೆ ಇರುವದೆಲ್ಲಾ ಇಷ್ಟೇ. ಐಗುಪ್ತಕ್ಕೆ ದಕ್ಷಿಣದಲ್ಲಿ ನೈಲ್ ನದಿಯ ತೀರದಲ್ಲಿದ್ದ ಆ ದೇಶದವರಿಗೆ ಬೇರೆ ಭಾಷೆಯಿತ್ತು. ಆದದರಿಂದ ಈ ಇಬ್ರಿಯ ಮಾತು ಅವನ ತಾಯಿಯು ತೊಟ್ಟಿಲಲ್ಲಿಟ್ಟ ಹೆಸರಾಗಿರಲಾರದೆಂದು ನನಗೆ ತೋರುತ್ತದೆ. ಇಂಥವರ ಮನೆಯ ಆಳು ಎಂದೇ ಕರೆಯಲ್ಪಟ್ಟು ಮುದುಕರಾದವರು ನಮ್ಮ ಊರುಗಳಲ್ಲಿಯೂ ಇದ್ದರು. ಅದರ ನೋವು ಎಂಥದೆಂಬುವದನ್ನು ನಮ್ಮ ಸಭೆಗಳ ಹಿರಿಯರಿಗೆ ಯಾರೂ ಕಲಿಸಬೇಕಾದದ್ದಿಲ್ಲ.

ಈಗ ಅವನ ಸುತ್ತಲಿದ್ದವರ ಹೆಸರುಗಳನ್ನು ನೋಡಿರಿ. ಅರಸನಾದ ಚಿದ್ಕೀಯನ ಹೆಸರಿಗೆ ಯೆಹೋವನು ನನ್ನ ನೀತಿ ಎಂಬ ಅರ್ಥವಿದೆ. ಪ್ರವಾದಿಯನ್ನು ಕೊಲ್ಲಿಸಬೇಕೆಂದು ಬೇಡಿಕೊಂಡ ಪ್ರಧಾನರಲ್ಲಿ ಶೆಫಟ್ಯನೆಂದರೆ ಯೆಹೋವನು ನ್ಯಾಯತೀರಿಸಿದ್ದಾನೆ, ಗೆದಲ್ಯನೆಂದರೆ ಯೆಹೋವನು ದೊಡ್ಡವನು, ಯೂಕಲನೆಂದರೆ ಯೆಹೋವನು ಶಕ್ತನು. ಇವರು ಕಟ್ಟುಕಥೆಯವರಲ್ಲ, ಯೂಕಲನ ಹೆಸರುಳ್ಳ ಮಣ್ಣಿನ ಮುದ್ರೆಯು 2005ರಲ್ಲಿಯೂ ಗೆದಲ್ಯನದು 2008ರಲ್ಲಿಯೂ ಯೆರೂಸಲೇಮಿನ ದಾವೀದನ ಪಟ್ಟಣವೆಂಬ ಭಾಗದಲ್ಲಿ ದೊರಕಿದವು. ಇನ್ನು ಯೆರೆಮೀಯನನ್ನು ಇಳಿಸಿದ ಬಾವಿಯು ಯಾರದು? ಮಲ್ಕೀಯನದು, ಯೆಹೋವನೇ ನನ್ನ ಅರಸನು ಎಂಬುವದು ಆ ಹೆಸರಿನ ಅರ್ಥ! ದೇವರ ಪರಿಶುದ್ಧ ನಾಮವನ್ನು ತಮ್ಮ ಹೆಸರುಗಳಲ್ಲಿ ಹೊತ್ತವರೆಲ್ಲರೂ ಸೇರಿ ದೇವರ ಪ್ರವಾದಿಯನ್ನು ಕೆಸರಿಗೆ ಹಾಕಿದರು. ಹೆಸರಿನಲ್ಲಿ ಆ ನಾಮದ ಒಂದಕ್ಷರವೂ ಇಲ್ಲದ ಪರದೇಶಸ್ಥನು ಅವನನ್ನು ಮೇಲಕ್ಕೆತ್ತಿದನು.

ಪ್ರಿಯರೇ, ದೀಕ್ಷಾಸ್ನಾನದಲ್ಲಿ ನಮಗೂ ಒಳ್ಳೇ ಹೆಸರುಗಳು ಕೊಡಲ್ಪಟ್ಟವು. ನಮ್ಮಲ್ಲಿ ಯೋಹಾನರಿದ್ದಾರೆ, ದೇವದಾನರಿದ್ದಾರೆ, ಕರುಣಮ್ಮನವರಿದ್ದಾರೆ. ಹಳೇ ಹೆಸರನ್ನು ಹಿಡಿದು ನಮ್ಮನ್ನು ಹೀನೈಸುತ್ತಿದ್ದವರ ಮುಂದೆ ಈ ಹೆಸರುಗಳಿಂದ ನಾವು ತಲೆಯೆತ್ತಿದ್ದು ನಿಜವೇ, ಅದಕ್ಕಾಗಿ ಸ್ತೋತ್ರವಾಗಲಿ. ಆದರೆ ನೆರೆಯವನನ್ನು ಗುಂಡಿಗೆ ಇಳಿಸುವಾಗ ಹಗ್ಗ ಹಿಡಿದವನ ಹೆಸರು ಯೋಹಾನನಾಗಿದ್ದರೆ ಗುಂಡಿಯ ಆಳವೇನು ಕಡಿಮೆಯಾಗುವದೋ?

ಆ ಆಳು ಮಾಡಿದ್ದನ್ನು ಗಮನಿಸಿರಿ. ಬಾಬೆಲಿನವರು ಪಟ್ಟಣವನ್ನು ಮುತ್ತಿದ್ದರು, ಒಳಗೆ ರೊಟ್ಟಿ ತೀರುತ್ತಾ ಬಂದಿತ್ತು. ಪ್ರಧಾನರಿಗೆ ಎದುರಾಗಿ ತಾನು ಏನೂ ಮಾಡಲಾರೆನೆಂದು ಅರಸನೇ ಕೈಚೆಲ್ಲಿದ್ದನು. ಹೀಗಿರುವಾಗ ಅರಸನು ಬೆನ್ಯಾಮೀನ್ ಬಾಗಲಲ್ಲಿ ಕೂತಿದ್ದಲ್ಲಿಗೆ ಈ ಕಂಚುಕಿಯು ಹೋಗಿ, ಆ ಮನುಷ್ಯರು ಮಾಡಿದ್ದು ಕೆಟ್ಟದ್ದೇ ಎಂದು ಬಿಚ್ಚಿ ಹೇಳಿದನು. ಅರಸನಿಗೆ ಬೇಕಾದದ್ದನ್ನು ಹೇಳುವವರು ಅರಮನೆಯಲ್ಲಿ ಬೇಕಾದಷ್ಟಿದ್ದರು. ಹೇಳಬೇಕಾದದ್ದನ್ನು ಹೇಳಿದವನಿಗೇ ಅರಸನ ಆಳೆಂಬ ಹೆಸರು ಸಲ್ಲುತ್ತದೆ. ಅರಸನು ಅವನ ಮಾತಿಗೆ ಒಪ್ಪಿ ಮೂವತ್ತು ಮಂದಿಯನ್ನು ಕೊಟ್ಟನು.

ಆಮೇಲೆ ಅವನು ನೆಟ್ಟಗೆ ಬಾವಿಯ ಬಳಿಗೆ ಓಡಲಿಲ್ಲ. ಅರಮನೆಯ ಖಜಾನೆಯ ಕೆಳಗಣ ಕೋಣೆಗೆ ಹೋಗಿ ಹಳೇ ಬಟ್ಟೆಗಳನ್ನೂ ಹರಕು ಚಿಂದಿಗಳನ್ನೂ ಆರಿಸಿಕೊಂಡು, ಹಗ್ಗದಿಂದ ಕೆಳಗೆ ಬಿಟ್ಟು, ಕಂಕುಳಲ್ಲಿ ಇವುಗಳನ್ನಿಟ್ಟು ಅದರ ಮೇಲೆ ಹಗ್ಗವನ್ನು ಹಾಕಿಕೊಳ್ಳೆಂದು ಪ್ರವಾದಿಗೆ ಕೂಗಿ ಹೇಳಿದನು. ಬಾವಿಯ ಹೂಳು ತೆಗೆಯಲು ಇಳಿದು ಹಗ್ಗದಲ್ಲಿ ಮೇಲೆ ಬಂದವರಿಗೆ ಇದು ಚೆನ್ನಾಗಿ ತಿಳಿಯುವದು. ಕೆಸರು ಕಾಲನ್ನು ಹಿಡಿದಿರುವಾಗ ಮೇಲಿನಿಂದ ಎಳೆದರೆ ಹಗ್ಗವು ಕಂಕುಳಿನ ಚರ್ಮವನ್ನು ಕಿತ್ತುಬಿಡುತ್ತದೆ. ಎಳೆದು ತೆಗೆಯುವದು ಮೂವತ್ತು ಮಂದಿಯಿಂದಲೂ ಆಗುತ್ತಿತ್ತು. ಹಸಿದು ಬಡಕಲಾದ ಮೈಗೆ ನೋವಾದೀತೆಂದು ಚಿಂದಿ ಹುಡುಕಿದವನು ಒಬ್ಬನೇ. ಇಂಥದನ್ನು ಬಹುಶಃ ನೋವುಂಡವರೇ ಯೋಚಿಸುತ್ತಾರೆ. ಇಷ್ಟು ಸಣ್ಣ ಸಂಗತಿಯನ್ನು ಪವಿತ್ರಾತ್ಮನು ಗ್ರಂಥದಲ್ಲಿ ಬಿಡದೆ ಬರೆಯಿಸಿದ್ದಾನೆ.

ಪ್ರಧಾನರು ಸುಮ್ಮನಿರುವವರಲ್ಲ, ಎಬೆದ್ಮೆಲೆಕನಿಗೆ ಭಯವಿತ್ತು, ದೇವರು ಅದನ್ನು ಬಲ್ಲನು. ಪಟ್ಟಣವು ಬೀಳುವದಕ್ಕೆ ಮುಂಚೆ, ಇನ್ನೂ ಕಾರಾಗೃಹದ ಅಂಗಳದಲ್ಲಿದ್ದ ಯೆರೆಮೀಯನಿಗೆ ಯೆಹೋವನ ವಾಕ್ಯವುಂಟಾಯಿತು. ಅದು ಅರಸನಿಗಾಗಿ ಬಂದದ್ದಲ್ಲ, ಪ್ರಧಾನರಿಗಾಗಿ ಬಂದದ್ದಲ್ಲ. ಕೂಷ್ಯನಾದ ಎಬೆದ್ಮೆಲೆಕನಿಗೆ ಹೋಗಿ ಹೇಳೆಂದು ದೇವರು ಅವನನ್ನು ಹೆಸರು ಹಿಡಿದು ನೆನಸಿದನು: ಅವನು ಹೆದರುವವರ ಕೈಗೆ ಅವನು ಸಿಕ್ಕುವದಿಲ್ಲ, ಕತ್ತಿಗೆ ಬೀಳುವದಿಲ್ಲ, ಅವನ ಪ್ರಾಣವು ಅವನಿಗೆ ಉಳಿಯುವದು. ಕಾರಣವೋ, ಚಿಂದಿಯೂ ಅಲ್ಲ, ಧೈರ್ಯವೂ ಅಲ್ಲ. ಅವನು ಯೆಹೋವನಲ್ಲಿ ಭರವಸವಿಟ್ಟಿದ್ದೇ. ಅವನ ನಿಜವಾದ ಅರಸನು ಯಾರೆಂಬುವದು ಆಗ ತಿಳಿದುಬಂತು.

ಚಿದ್ಕೀಯನು ತನ್ನ ಮಕ್ಕಳ ವಧೆಯನ್ನು ಕಂಡು, ಕಣ್ಣು ಕೀಳಲ್ಪಟ್ಟು, ಬೇಡಿಗಳಲ್ಲಿ ಬಾಬೆಲಿಗೆ ಹೋದನು. ಎಬೆದ್ಮೆಲೆಕನು ಎಲ್ಲಿಗೆ ಹೋದನೆಂದು ಬರೆದಿಲ್ಲ. ದೇವರನ್ನು ಹಿಡಿದುಕೊಂಡ ಕಂಚುಕಿಗಳಿಗೆ ಗಂಡುಹೆಣ್ಣು ಮಕ್ಕಳಿಗಿಂತ ಉತ್ತಮವಾದ ಹೆಸರನ್ನು ತನ್ನ ಆಲಯದಲ್ಲಿ ಕೊಡುವನೆಂದು ಯೆಶಾಯನ 56ನೇ ಅಧ್ಯಾಯದಲ್ಲಿ ವಾಗ್ದಾನವಿದೆ. ತಾಯಿಯು ಅವನನ್ನು ಏನೆಂದು ಕರೆದಿದ್ದಳೆಂಬುವದನ್ನು ಆತನು ಬಲ್ಲನು.