ಭಕ್ತನ ಮನೆಯ ಗಂಟುಮೂಟೆ



ಮನೆಯಲ್ಲಿ ವಾಸವಾಗಿರುವವರೆಗೆ ಗೃಹಸ್ಥನಿಗೆ ತನ್ನ ಮನೆಯಲ್ಲಿ ಏನೇನಿದೆಯೆಂಬುದು ತಿಳಿದಿರುವುದಿಲ್ಲ. ಅದನ್ನು ತೆರವು ಮಾಡಿ ಹೊರಡುವಾಗಲೇ ಅದು ತಿಳಿಯತಕ್ಕದ್ದು. ಅಟ್ಟದ ಮೇಲಿನದು ಕೆಳಗಿಳಿಯುತ್ತದೆ. ಮಂಚದ ಕೆಳಗಿನದು ಹೊರಗೆ ಬರುತ್ತದೆ. “ಇಷ್ಟೆಲ್ಲ ಯಾವಾಗ ಬಂದಿತು?” ಎಂದು ತಂದವರೇ ಬೆರಗಾಗುವರು.

ಒಂದು ದೃಷ್ಟಾಂತವನ್ನು ಭಾವಿಸಿರಿ. ಧಾರವಾಡದ ಸೀಮೆಯಿಂದ ಉದ್ಯೋಗನಿಮಿತ್ತವಾಗಿ ಬೆಂಗಳೂರಿಗೆ ಬಂದು, ನಾಲ್ಕನೆಯ ಅಂತಸ್ತಿನ ಫ್ಲ್ಯಾಟೊಂದರಲ್ಲಿ ನೆಲೆಸಿದ ಅವಿಭಕ್ತ ಕುಟುಂಬ. ವೃದ್ಧ ತಾಯಿ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಒಟ್ಟು 11 ಜನ. ಕಟ್ಟಡವು ಹಳತಾದುದರಿಂದ ಅದನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ನಿಶ್ಚಯವಾಗಿದೆ. ಅದಕ್ಕೆ 2 ವರ್ಷ ಬೇಕು. ಅಲ್ಲಿಯವರೆಗೆ ಅಣ್ಣನಿಗೊಂದು ಚಿಕ್ಕ ಬಾಡಿಗೆಯ ಮನೆ, ತಮ್ಮನಿಗೊಂದು. ಆ ಎರಡರಲ್ಲಿಯೂ ಹಿಡಿಸದ ಸಾಮಾನು ಊರ ಹೊರಗಿನ ಗೋದಾಮಿಗೆ ಹೋಗಬೇಕು.

ಗೋದಾಮಿನವರ ನಿಯಮಗಳು ಬಿಗಿಯಾದವು. ಸಾಮಾನು ಹಿಡಿಯುವ ಸ್ಥಳವನ್ನು ಅಳೆದು ತಿಂಗಳುತಿಂಗಳಿಗೆ ಬಾಡಿಗೆ. ಪ್ರತಿಯೊಂದು ಪೆಟ್ಟಿಗೆಗೂ ಅಂಕೆ. ಎರಡು ಪ್ರತಿ ಪಟ್ಟಿ. ಗ್ಯಾಸಿನ ಸಿಲಿಂಡರು, ಸೀಮೆಎಣ್ಣೆ, ಕಾಳುಕಡಿ, ನಗನಾಣ್ಯ ಇವುಗಳನ್ನು ಅವರು ಒಳಗೆ ಸೇರಿಸರು. ತಂಪುಪೆಟ್ಟಿಗೆಯನ್ನು ಒರೆಸಿ ಒಣಗಿಸಿ ಬಾಗಿಲನ್ನು ತುಸು ತೆರೆದಿಡಬೇಕು, ಇಲ್ಲವಾದರೆ ಒಳಗೆಲ್ಲ ಬೂಷ್ಟು ಹಿಡಿಯುವುದು. ಹಾಸಿಗೆಗಳನ್ನು ಬರಿಯ ನೆಲದ ಮೇಲೆ ಇಡಬಾರದು, ಹಲಗೆಯ ಮೇಲಿಡಬೇಕು. ಗೆದ್ದಲಿಗೂ ತೇವಕ್ಕೂ ಬಡವ ಬಲ್ಲಿದರೆಂಬ ಭೇದವಿಲ್ಲವಷ್ಟೆ.

ಕೆಳಗಿಳಿದ ಸಾಮಾನುಗಳನ್ನು ನೋಡಿದರೆ ಒಂದು ಮನೆತನದ ಚರಿತ್ರೆಯೇ ಹಾಸಿಕೊಂಡಂತಿತ್ತು. ಮೂರು ತಲೆಮಾರಿನ ಕೂಸುಗಳು ಮಲಗಿದ ತೊಟ್ಟಿಲು, ಬೀಸುಕಲ್ಲು, ಶ್ಯಾವಿಗೆಯ ಮಣೆ, ಹಳೆಯ ಸೀರೆಗಳನ್ನು ತುಂಡುತುಂಡಾಗಿ ಸೇರಿಸಿ ಹೊಲಿದ ಏಳು ಕೌದಿಗಳು, ಹಿರಿಯರ ಹೆಸರನ್ನು ಕೆತ್ತಿಸಿದ ತಾಮ್ರದ ಹಂಡೆಗಳೆರಡು, ದೊಡ್ಡ ಕೊಪ್ಪರಿಗೆಯೊಂದು. ಇವುಗಳ ಜೊತೆಗೆ ಮುರಿದ ಕುರ್ಚಿ, ನಿಂತುಹೋದ ಗಡಿಯಾರ, ಕೀಲಿ ಕಳೆದುಹೋದ ಬೀಗ, ಬೀಗ ಕಳೆದುಹೋದ ಕೀಲಿ. ಅಚ್ಚರಿಯ ಮಾತೆಂದರೆ ಮುರಿದ ಕುರ್ಚಿಯ ವಿಷಯಕ್ಕೆ ಯಾರೂ ಜಗಳವಾಡಲಿಲ್ಲ, ಆದರೂ ಅದನ್ನು ಬಿಸಾಡಲು ಯಾರ ಕೈಯೂ ಮುಂದಾಗಲಿಲ್ಲ. ಜಗಳವಾದುದು ಕೊಪ್ಪರಿಗೆಗಾಗಿ. ಗೋದಾಮಿನಿಂದ ಮರಳಿ ಬಂದಾಗ ಅದು ಯಾರ ಪಾಲಿನದೆಂದು ಪಟ್ಟಿಯಲ್ಲಿ ಈಗಲೇ ಬರೆಯಬೇಕೆಂದು ತಮ್ಮನು ಕೇಳಿದನು. ಅಣ್ಣನಿಗೆ ಅದು ಸಹಿಸಲಿಲ್ಲ. ಇಪ್ಪತ್ತು ವರ್ಷ ಒಂದೇ ಪಂಕ್ತಿಯಲ್ಲಿ ಉಂಡವರು ಅಂದು ಬೇರೆಬೇರೆ ಕೋಣೆಗಳಲ್ಲಿ ಉಂಡರು.

ಇಂತಹ ಸಮಯದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ಸ್ಮರಣೀಯ. ಆಕೆಯ ಪತಿ ಮಾರಯ್ಯನ ಕಾಯಕ ಯಾವುದೆಂಬುದು ಸರ್ವವಿದಿತವಾದುದೇ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹವನ್ನು ನಡೆಸುವುದು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಆ ಅಕ್ಕಿಯು ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ನೆಲದ ಮೇಲೆ ಬಿದ್ದುದು. ಅದನ್ನು ತಂದದ್ದು ತನ್ನ ಹೊಟ್ಟೆಗಾಗಿಯೂ ಅಲ್ಲ. ಲೋಕದ ಗೃಹಿಣಿಯಾದರೆ ಸಂತೋಷಪಟ್ಟು ನಾಳೆಗೆಂದು ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಲಕ್ಕಮ್ಮನಾದರೋ ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು.

ಇದರ ಮರ್ಮವೇನು? ನಾಳಿನ ಅಕ್ಕಿಯನ್ನು ಇಂದೇ ತಂದರೆ ನಾಳಿನ ಕಾಯಕವು ಕೆಡುತ್ತದೆ ಎಂಬುದೊಂದು. ಅದಕ್ಕಿಂತ ಸೂಕ್ಷ್ಮವಾದುದು ಮತ್ತೊಂದುಂಟು. ಶರಣಮಾರ್ಗದಲ್ಲಿ ವಸ್ತುವು ಲಿಂಗಕ್ಕೂ ಜಂಗಮಕ್ಕೂ ಅರ್ಪಿತವಾಗಿ ಪ್ರಸಾದವಾಗಬೇಕು. ಗಡಿಗೆಯಲ್ಲಿ ಕುಳಿತ ಅಕ್ಕಿಯು ಅರ್ಪಿತವೂ ಅಲ್ಲ, ಭೋಗಿಸಿದುದೂ ಅಲ್ಲ. ಅದು ಕೇವಲ “ನನ್ನದು”. ನನ್ನದೆಂಬ ಈ ಒಂದು ಭಾವದ ಹೊರತು ಅದಕ್ಕೆ ಬೇರೆ ಪ್ರಯೋಜನವೇ ಆ ದಿನ ಇಲ್ಲ. ಗೋದಾಮಿನ ಕತ್ತಲಲ್ಲಿ ಅಂಕೆ ಹಾಕಿಸಿಕೊಂಡು ಕುಳಿತ ಕೊಪ್ಪರಿಗೆಯ ಸ್ಥಿತಿಯೂ ಇದೇ ಅಲ್ಲವೆ?

ಆದರೆ ಕೂಡಿಡುವುದೆಲ್ಲ ದೋಷವೆಂದು ಇದರಿಂದ ತಿಳಿಯಬಾರದು. ಒಕ್ಕಲಿಗನು ಹಗೇವಿನಲ್ಲಿ ಕಾಳು ತುಂಬದಿದ್ದರೆ ಮುಂದಿನ ವರ್ಷ ಬಿತ್ತುವುದೇನನ್ನು? ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ಕಾಯ್ದವರು. ಶಾಂತರಸನು ವಚನಭಂಡಾರವನ್ನು ಕಾಯ್ದನೆಂದು ಪರಂಪರೆಯು ಹೇಳುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಮನೆಮಾರುಗಳನ್ನು ತೊರೆದು ಚೆನ್ನಬಸವಣ್ಣನವರೊಡನೆ ಉಳವಿಯ ಕಡೆಗೆ ಹೊರಟಾಗ, ಹೊತ್ತುಕೊಂಡು ಹೋದುದು ವಚನದ ಕಟ್ಟುಗಳನ್ನು ಎಂದೂ ಪರಂಪರೆಯಲ್ಲಿ ಪ್ರಸಿದ್ಧಿಯುಂಟು. ಅವರ ಹಂಡೆ ಕೊಡಗಳೇನಾದವೋ ಯಾರೂ ಬರೆದಿಡಲಿಲ್ಲ.

ಆ ಕಟ್ಟುಗಳು ಮುಂದೆ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಅರಿವೆಯಲ್ಲಿ ಸುತ್ತಿಕೊಂಡು ಶತಮಾನಗಳನ್ನು ಕಳೆದವು. ಇಟ್ಟವರು ಇಡದಿದ್ದರೆ ಅವು ಉಳಿಯುತ್ತಿರಲಿಲ್ಲ, ನಿಜ. ಆದರೆ ಬಿಚ್ಚುವವರು ಬಾರದಿದ್ದರೆ ಹುಳು ತಿಂದು ಹೋಗುತ್ತಿದ್ದವು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಓಲೆಗರಿಯ ಪ್ರತಿಗಳನ್ನು ಅರಸುತ್ತ ಊರೂರು ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಅವರು ತಮ್ಮ ಸ್ವಂತ ಮನೆಯನ್ನೇ ಮಾರಿದ ಸಂಗತಿಯನ್ನು ಹಿರಿಯರು ಇಂದಿಗೂ ಸ್ಮರಿಸುವರು. ಇತರರ ಅಟ್ಟದ ಗಂಟುಗಳನ್ನು ಬಿಚ್ಚುವುದಕ್ಕೆ ತನ್ನ ಮನೆಯನ್ನು ತೆತ್ತ ಗೃಹಸ್ಥ! ಆದುದರಿಂದ ಮನೆ ತೆರವು ಮಾಡುವ ಭಕ್ತರು, ಅಜ್ಜ ಮುತ್ತಜ್ಜರ ಕಾಲದ ಓಲೆಯ ಕಟ್ಟಾಗಲಿ, ಕೈಬರಹದ ಹೊತ್ತಗೆಯಾಗಲಿ ದೊರೆತರೆ, ಅದನ್ನು ಪಾತ್ರೆಪಗಡಗಳೊಡನೆ ರಟ್ಟಿನ ಪೆಟ್ಟಿಗೆಯಲ್ಲಿ ತುರುಕದೆ, ಓದಬಲ್ಲವರ ಕೈಗೆ ತಲುಪಿಸುವುದು ಅವಶ್ಯ.

ಇನ್ನು ಆ ಮನೆಯ ಮಾತು. ಮೂರನೆಯ ದಿನ ತಾಯಿಯು ಮಕ್ಕಳಿಬ್ಬರನ್ನೂ ಕರೆದು, ಹಂಡೆಗಳನ್ನೂ ಕೊಪ್ಪರಿಗೆಯನ್ನೂ ತಮ್ಮೂರಿನ ಮಠದ ದಾಸೋಹಕ್ಕೆ ಕಳಿಸಿಬಿಡಿರೆಂದಳು. ಅಣ್ಣನ ಮುಖವು ಬಾಡಿತು.

“ಅವ್ವಾ, ಅಪ್ಪನ ಹೆಸರು ಕೆತ್ತಿಸಿದ ಭಾಂಡೆ ಅವು.”

“ಕತ್ತಲಿಯೊಳಗ ಇಟ್ಟರ ಆ ಹೆಸರು ಯಾರು ಓದ್ತಾರ, ತಮ್ಮಾ? ಅಲ್ಲೆ ದಿನಾ ನಾಲ್ಕು ಮಂದಿ ತಿಕ್ಕಿ ತೊಳೀತಾರ.”

ತಮ್ಮನು ಮಾತನಾಡಲಿಲ್ಲ. ಪಟ್ಟಿಯ ಹಾಳೆಯನ್ನು ಕೈಗೆ ತೆಗೆದುಕೊಂಡು ಆ ಮೂರು ಸಾಲುಗಳನ್ನು ತಾನೇ ಹೊಡೆದುಹಾಕಿದನು.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಆ ತಾಯಿಯು ಕೊಟ್ಟುದು ತನ್ನ ಗಂಡನ ಮನೆಯ ಪಾತ್ರೆಗಳನ್ನು. ಸೊಸೆಯರು ತವರಿನಿಂದ ತಂದುದನ್ನು ಆಕೆ ಮುಟ್ಟಲಿಲ್ಲ. ಪರರ ವಸ್ತುವನ್ನು ಎತ್ತಿ ಕೊಟ್ಟು ತಾನು ದಾಸೋಹಿಯೆನಿಸಿಕೊಳ್ಳುವುದು ದಾಸೋಹವಲ್ಲ. ಹಿರಿಯರು ಈ ವಿಷಯದಲ್ಲಿ ತಪ್ಪುವುದುಂಟು. ಮತ್ತೊಂದು, ಮನೆ ಖಾಲಿ ಮಾಡುವಾಗ ಹರಕು ಬಟ್ಟೆ, ಕಾಲು ಮುರಿದ ಮಂಚಗಳನ್ನೆಲ್ಲ ಮಠದ ಬಾಗಿಲಿಗೆ ಹೇರಿ ಪುಣ್ಯ ಬಂದಿತೆಂದು ತಿಳಿಯುವವರಿದ್ದಾರೆ. ಗುಜರಿಯವನೂ ಒಲ್ಲೆನೆಂದುದನ್ನು ಜಂಗಮನಿಗೆ ಕೊಡುವುದು ಯಾವ ಅರ್ಪಣ? ಬೇಡವಾದುದನ್ನು ನೀಗುವುದು ಶುಚಿತ್ವದ ಕೆಲಸ, ಅದೂ ಬೇಕು. ಆದರೆ ಅದನ್ನು ದಾಸೋಹವೆನ್ನಬಾರದು.

ಕೌದಿಗಳು ಗೋದಾಮಿಗೆ ಹೋಗಲಿಲ್ಲ. ಮೊಮ್ಮಕ್ಕಳು ಒಂದೊಂದನ್ನು ಹಂಚಿಕೊಂಡರು. ತೊಟ್ಟಿಲು ಹೋಯಿತು, ಬೇವಿನ ಎಲೆಗಳೊಡನೆ. ಹಿರಿಯ ಮೊಮ್ಮಗಳಿಗೆ ಮದುವೆ ನಿಶ್ಚಯವಾಗಿರುವುದರಿಂದ ಅದನ್ನು ಇಡುವುದು ಯೋಗ್ಯವೇ ಸರಿ. ಒಟ್ಟಿನಲ್ಲಿ ಎರಡು ಲಾರಿಯ ಸಾಮಾನು ಒಂದಕ್ಕೆ ಇಳಿಯಿತು.

ಹೊರಡುವ ದಿನ ಬೆಳಗ್ಗೆ ಮನೆಯಲ್ಲಿ ಮಣೆಯೂ ಉಳಿದಿರಲಿಲ್ಲ. ತಾಯಿಯು ಸ್ನಾನ ಮಾಡಿ, ವಿಭೂತಿ ಧರಿಸಿ, ಬರಿಯ ನೆಲದ ಮೇಲೆ ಕುಳಿತು, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಕರಸ್ಥಲದಲ್ಲಿರಿಸಿ ನಿತ್ಯದಂತೆಯೇ ಪೂಜಿಸಿದಳು. ಗರ್ಭದಲ್ಲಿದ್ದಾಗಲೇ ಪಡೆದು, ಮಣ್ಣಿನೊಳಗೂ ಅಂಗೈಯಲ್ಲಿಯೇ ಇರಿಸಿಕೊಂಡು ಹೋಗತಕ್ಕ ವಸ್ತು ಅದೊಂದೇ. ಕಿರಿಯ ಮೊಮ್ಮಗನು ಪಟ್ಟಿಯನ್ನು ಹಿಡಿದುಕೊಂಡು ಪಕ್ಕದಲ್ಲಿಯೇ ನಿಂತಿದ್ದನು.

“ಅಜ್ಜಿ, ಇದನ್ನ ಪಟ್ಟಿಯೊಳಗ ಬರದೇ ಇಲ್ಲಲ್ಲ!”

ಆಕೆಯು ನಕ್ಕು, ಲಿಂಗವನ್ನು ಕರಡಿಗೆಯಲ್ಲಿರಿಸಿಕೊಂಡು, ಅವನ ಹೆಗಲನ್ನು ಹಿಡಿದು ಎದ್ದಳು. ಕೆಳಗೆ ಲಾರಿಯವನು ಕೂಗುತ್ತಿದ್ದನು.