ಕಾರ್ಡಿನ ಮುಂಬದಿ

ವೈದ್ಯಕೀಯ ಓದಿನ ಮೊದಲ ವರ್ಷ ಎಂದರೆ ದೇಹವನ್ನು ಕಲಿಯುವಷ್ಟೇ ಶ್ರಮಪಟ್ಟು ಒಂದು ಹೊಸ ಭಾಷೆಯನ್ನೂ ಕಲಿಯುವ ವರ್ಷ. ಗ್ರೀಕ್, ಲ್ಯಾಟಿನ್ ಬೇರುಗಳ ಸಾವಿರಾರು ಪದಗಳು ಬಾಯಿಗೆ ಬರಬೇಕು. ಅದಕ್ಕೆಂದು ವಿದ್ಯಾರ್ಥಿಗಳು ನೆಚ್ಚಿಕೊಂಡಿರುವುದು ಫ್ಲ್ಯಾಶ್‌ಕಾರ್ಡುಗಳನ್ನು: ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ, ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಕಾರ್ಡು ಮತ್ತೆ ಕೈಗೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ತಮ್ಮ ಪುಸ್ತಕದಲ್ಲಿ ವಿವರಿಸಿದ ಕಾರ್ಡುಪೆಟ್ಟಿಗೆಯ ಕೆಲಸವನ್ನು ಇಂದು ಅಂಕಿ (Anki) ಎಂಬಂಥ ಆ್ಯಪ್‌ಗಳು ಮೊಬೈಲಿನಲ್ಲೇ ಮಾಡುತ್ತವೆ. ಇದನ್ನು ನೋಡಿ ಮೂಗು ಮುರಿಯುವವರ ಆಕ್ಷೇಪ ಹಳೆಯದು, ಗಟ್ಟಿಯಾದದ್ದೂ ಹೌದು: ಉರು ಹೊಡೆದದ್ದು ಅರಿವಾಗುತ್ತದೆಯೇ? ಅರ್ಥ ತಿಳಿಯದೆ ಶಾಸ್ತ್ರ ಓದಿಕೊಂಡವನನ್ನು ಗಂಧದ ಕೊರಡು ಹೊತ್ತ ಕತ್ತೆಗೆ ಹೋಲಿಸಿದ್ದು ಬೇರಾವುದೋ ಗ್ರಂಥವಲ್ಲ, ವೈದ್ಯರಿಗಾಗಿಯೇ ಇರುವ ಸುಶ್ರುತ ಸಂಹಿತೆ. ಭಾರ ಗೊತ್ತು, ಪರಿಮಳ ಗೊತ್ತಿಲ್ಲ.

ಆದರೆ ಆ ಹೋಲಿಕೆಯನ್ನು ಉದ್ಧರಿಸುವವರು ಅದರ ಹಿಂದುಮುಂದಿನ ಅಧ್ಯಾಯಗಳನ್ನು ಬಿಟ್ಟುಬಿಡುತ್ತಾರೆ. ಅದೇ ಸೂತ್ರಸ್ಥಾನದಲ್ಲಿ ಶಿಷ್ಯ ಪಾಠವನ್ನು ತುಂಡುತುಂಡಾಗಿ ಬಾಯಿಪಾಠ ಮಾಡಬೇಕೆಂಬ ವಿಧಿಯಿದೆ. ಮುಂದೆ ಒಂಬತ್ತನೆಯ ಅಧ್ಯಾಯದಲ್ಲಿ ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳುವ ಅಭ್ಯಾಸವಿದೆ. ಅಂದರೆ ಗ್ರಂಥದ ದೂರು ನೆನಪಿನ ಮೇಲಲ್ಲ, ಒಂಟಿಯಾಗಿ ಉಳಿದ ನೆನಪಿನ ಮೇಲೆ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇನ್ನೂ ಕಟ್ಟುನಿಟ್ಟು. ಅವರ ತರ್ಕಸಂಗ್ರಹ ಎಂಬ ಗ್ರಂಥ ಜ್ಞಾನವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ಒಡೆದು, ಸಂಸ್ಕಾರದಿಂದ, ಅಂದರೆ ಹಿಂದಿನ ಅನುಭವ ಒಳಗೆ ಉಳಿಸಿದ ಗುರುತಿನಿಂದ, ಮಾತ್ರ ಹುಟ್ಟುವುದು ಸ್ಮೃತಿ ಎನ್ನುತ್ತದೆ. ಅದಕ್ಕೆ ಪ್ರಮೆಯ, ಅಂದರೆ ಯಥಾರ್ಥಜ್ಞಾನದ, ಪಟ್ಟ ಕೊಡುವುದಿಲ್ಲ. ಜೈನರು, ಅದರಲ್ಲೂ ಅಕಲಂಕ, ಇದನ್ನು ಒಪ್ಪದೆ ಸ್ಮೃತಿಯನ್ನೂ ಪ್ರಮಾಣಗಳ ಸಾಲಿಗೆ ಸೇರಿಸಿದರು. ಆ ಜಗಳದಲ್ಲಿ ಯಾರು ಗೆದ್ದರೆಂಬುದು ನಮ್ಮ ಕಾರ್ಡಿಗೆ ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ನ್ಯಾಯಪರಂಪರೆ ಗಮನಿಸಿದ ಇನ್ನೊಂದು ಸಂಗತಿ: ಸಂಸ್ಕಾರ ಒಳಗಿದ್ದರಷ್ಟೇ ಸಾಲದು, ಅದನ್ನು ಎಬ್ಬಿಸುವ ಉದ್ಬೋಧಕ ಬೇಕು. ನ್ಯಾಯಸೂತ್ರದ ಮೂರನೆಯ ಅಧ್ಯಾಯ ಅಂಥ ಇಪ್ಪತ್ತಕ್ಕೂ ಹೆಚ್ಚು ಕಾರಣಗಳನ್ನು ಎಣಿಸುತ್ತದೆ. ಅಭ್ಯಾಸ ಅವುಗಳಲ್ಲಿ ಒಂದು ಮಾತ್ರ. ಸಾದೃಶ್ಯ, ಸಂಬಂಧ, ವಿರೋಧ, ಭಯ, ದುಃಖವೂ ಆ ಪಟ್ಟಿಯಲ್ಲಿವೆ.

ಕಾರ್ಡಿನ ಮುಂಬದಿಯಲ್ಲಿ ನಾವು ಬರೆಯುವುದು ಈ ಉದ್ಬೋಧಕವನ್ನೇ. ಹಾಗಾಗಿ ‘ಉರು ಹೊಡೆಯುವುದು ಸರಿಯೇ’ ಎಂದು ಕೇಳುವುದಕ್ಕಿಂತ ‘ಯಾವುದರ ಕರೆಗೆ ಈ ನೆನಪು ಏಳಬೇಕು’ ಎಂದು ಕೇಳುವುದು ಮೇಲು. ‘ಡಿಸ್ಫೇಜಿಯಾ ಎಂದರೇನು?’ ಎಂಬ ಕಾರ್ಡು ‘ನುಂಗಲು ತೊಂದರೆ’ ಎಂಬ ಉತ್ತರವನ್ನು ಎಬ್ಬಿಸುತ್ತದೆ, ನಿಜ. ಆದರೆ ವಾರ್ಡಿನಲ್ಲಿ ರೋಗಿ ಡಿಸ್ಫೇಜಿಯಾ ಎನ್ನುವುದಿಲ್ಲ. ಕರ್ನಾಟಕದ ಆಸ್ಪತ್ರೆಯಲ್ಲಿ ಆತ ಹೇಳುವುದು, ‘ನೀರು ಕುಡಿದ್ರೆ ನೆತ್ತಿಗೆ ಹತ್ತುತ್ತೆ ಡಾಕ್ಟ್ರೆ, ಅನ್ನ ಗಂಟಲಲ್ಲೇ ನಿಲ್ಲುತ್ತೆ’ ಎಂದು. ಮುಂಬದಿಗೆ ಬರಬೇಕಾದದ್ದು ಆ ಮಾತು. ಪಕ್ಕದಲ್ಲೇ ಇನ್ನೊಂದು ಕಾರ್ಡು: ‘ಹೇಳಿದ್ದೆಲ್ಲ ತಿಳಿಯುತ್ತೆ, ಮಾತಾಡೋಕೆ ಹೋದ್ರೆ ಪದ ಬರಲ್ಲ.’ ಇದರ ಹಿಂದೆ ಡಿಸ್ಫೇಸಿಯಾ. ಕಿವಿಗೆ ಒಂದೇ ಥರ ಕೇಳುವ ಎರಡು ಪದಗಳು ಹೀಗೆ ಇಬ್ಬರು ರೋಗಿಗಳಾಗಿ ಬೇರೆಯಾಗುತ್ತವೆ. ‘ಮಲಗಿದ್ರೆ ಉಸಿರು ಕಟ್ಟುತ್ತೆ, ಎದ್ದು ಕೂತ್ರೆ ಹಾಯಾಗುತ್ತೆ’ ಎಂಬುದಕ್ಕೆ ಆರ್ಥಾಪ್ನಿಯಾ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ತನ್ನ ಕೊರತೆ ಎಂದುಕೊಂಡಿರುವ ಭಾಷೆಯೇ ಇಲ್ಲಿ ಮುಂಬದಿಗೆ ಬೇಕಾದ ಸರಕು.

ಇಂಥ ಕಾರ್ಡು ಬರೆಯಲು ಕೂತರೆ ತಿಳಿಯದೆ ಬರೆಯಲಾಗುವುದಿಲ್ಲ. ಒಂದು ಕಾರ್ಡಿಗೆ ಒಂದೇ ಸಂಗತಿ ಎಂಬ ಸಾಮಾನ್ಯ ನಿಯಮವನ್ನೇ ನೋಡಿ. ‘ರಕ್ತಹೀನತೆಯ ಬಗ್ಗೆ ಬರೆಯಿರಿ’ ಎಂಬುದು ಪರೀಕ್ಷೆಯ ಪ್ರಶ್ನೆ, ಕಾರ್ಡಲ್ಲ. ಅದನ್ನು ಒಡೆಯಬೇಕಾದರೆ ಯಾವುದು ಕಾರಣ, ಯಾವುದು ಲಕ್ಷಣ, ಯಾವುದು ಬರೀ ಹೆಸರು ಎಂದು ವಿಂಗಡಿಸಬೇಕು. ಇಲಿಯಮ್ ಎಂದು ಉಚ್ಚರಿಸುವ ಪದಗಳು ಎರಡಿವೆ, ಇಂಗ್ಲಿಷ್ ಕಾಗುಣಿತದಲ್ಲಿ ಒಂದೇ ಅಕ್ಷರದ ವ್ಯತ್ಯಾಸ: ಒಂದು ಸಣ್ಣಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ. ಒಂಟಿ ಪದ ಬರೆದ ಕಾರ್ಡು ಇಲ್ಲಿ ಅಪಾಯಕಾರಿ. ಎರಡನ್ನೂ ಎದುರುಬದುರು ಇಟ್ಟು ಕೇಳಬೇಕು. ಸಾದೃಶ್ಯ ಎಬ್ಬಿಸುತ್ತದೆ, ಅದೇ ಸಾದೃಶ್ಯ ದಾರಿಯನ್ನೂ ತಪ್ಪಿಸುತ್ತದೆ. ಹೈಪೊ, ಹೈಪರ್ ಎಂಬ ಜೋಡಿಗೆ ವಿರೋಧವೇ ಸಾಕು, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಇಷ್ಟೇಕೆ ಪಾಡು ಎನ್ನುವವರುಂಟು. ಹುಡುಕಲಾದರೂ ಏನನ್ನು ಹುಡುಕಬೇಕೆಂದು ತಿಳಿದಿರಬೇಕಲ್ಲ. ರೋಗಿಯ ಮಾತು ಕೇಳಿದ ಕ್ಷಣ ಪದ ತಾನಾಗಿ ಏಳದಿದ್ದರೆ ಹುಡುಕಾಟ ಶುರುವಾಗುವುದೇ ಇಲ್ಲ. ಮತ್ತೆ ಮತ್ತೆ ಓದಿದರೆ ಸಾಲದೇ ಎಂಬ ಪ್ರಶ್ನೆಗೆ 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗ ಉತ್ತರ ಕೊಟ್ಟಿದೆ. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರ ಕಳೆದ ಮೇಲೆ ಅವರಲ್ಲಿ ಉಳಿದದ್ದು ಶೇ. 42, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಲ್ಲಿ ಶೇ. 56. ಎಬ್ಬಿಸಿದ ಸಂಸ್ಕಾರ ಗಟ್ಟಿಯಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಗಟ್ಟಿಯಾದದ್ದೆಲ್ಲ ಅರಿವು ಎಂಬುದಕ್ಕಲ್ಲ.

ಅಲ್ಲಿಯೇ ಅತಿ ಕಠಿಣವಾದ ಆಕ್ಷೇಪ ಇರುವುದು. ಕಾರ್ಡು ಹಳತಾದಂತೆ ಉತ್ತರವನ್ನು ಎಬ್ಬಿಸುವುದು ಅದರ ಅರ್ಥವಲ್ಲ, ಚಹರೆ: ವಾಕ್ಯದ ಉದ್ದ, ಮೊದಲ ಪದ, ಮೂಲೆಯ ಶಾಯಿ ಕಲೆ. ಆಗ ಸುಶ್ರುತನ ಕತ್ತೆ ಹಿಂಬಾಗಿಲಿನಿಂದ ಒಳಬಂದಂತೆಯೇ. ಸಾವಿರಾರು ಕಾರ್ಡುಗಳ ಸಿದ್ಧ ಕಟ್ಟುಗಳಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಅವುಗಳನ್ನು ವಿಂಗಡಿಸಿ ಬರೆದ ಅನುಭವ ಬೇರೆಯವರದು. ಅಂಥ ಕಟ್ಟುಗಳಿಂದ ಸಮಯ ಉಳಿಯುತ್ತದೆ ಎಂಬುದೂ ಸುಳ್ಳಲ್ಲ. ಆಕ್ಷೇಪವನ್ನು ಒಪ್ಪಿಕೊಂಡೇ ಹೇಳಬಹುದು: ಇದು ಕಾರ್ಡನ್ನು ಬಿಡಲು ಕಾರಣವಲ್ಲ, ಅದೇ ನೆನಪಿಗೆ ಎರಡನೆಯ ಕರೆ ಬರೆಯಲು ಕಾರಣ. ಡಿಸ್ಫೇಜಿಯಾಕ್ಕೆ ಪಾರ್ಶ್ವವಾಯು ಹೊಡೆದ ಅಜ್ಜ ಒಂದು ಕಾರ್ಡಿನಲ್ಲಿ, ಅನ್ನನಾಳದ ಕ್ಯಾನ್ಸರಿನಿಂದ ಗಟ್ಟಿ ತಿಂಡಿ ಮೊದಲು, ಗಂಜಿ ಆಮೇಲೆ ಇಳಿಯದಾದ ಹೆಂಗಸು ಇನ್ನೊಂದರಲ್ಲಿ. ಎರಡಕ್ಕೂ ಒಂದೇ ಹೆಸರು ಹೇಳಿ, ಏಕೆ ಬೇರೆ ಎಂದೂ ವಿದ್ಯಾರ್ಥಿ ವಿವರಿಸಬಲ್ಲನಾದರೆ ಅದನ್ನು ಬರೀ ಸ್ಮೃತಿ ಎನ್ನಲು ನೈಯಾಯಿಕನೂ ಹಿಂಜರಿದಾನು.